ಅಂಗಳದ ಹುಲ್ಲಿಗೆ ತಿಂಗಳಿಗೆ ಎಷ್ಟು?

ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಹೊಸ ಮನೆ ಕಟ್ಟಿಸುವವರ ನಕ್ಷೆಯಲ್ಲಿ ಈಗ ಪಾರ್ಕಿಂಗ್ ಜಾಗದ ಪಕ್ಕ ಲಾನಿಗೂ ಒಂದಿಷ್ಟು ಜಾಗ ಇರುತ್ತದೆ. ಬೆಳಗಾವಿ, ಹುಬ್ಬಳ್ಳಿ ಕಡೆ ನೋಡಿ ಬಂದ ಆಸೆ ಇದು. ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಲಾನ್ ಹಾಕಿಸುವಾಗ ಬಹುತೇಕರು ಕೇಳುವುದು ಒಂದೇ ಪ್ರಶ್ನೆ: ಚದರ ಅಡಿಗೆ ಎಷ್ಟು? ಅದು ಹುಲ್ಲು ತಂದು ಹಾಸುವ ಒಂದು ದಿನದ ದರ. ಅಲ್ಲಿಂದ ಮುಂದೆ ಆ ಹುಲ್ಲು ಪ್ರತಿ ತಿಂಗಳು ಕೇಳುವ ಖರ್ಚಿನ ಬಗ್ಗೆ ಮನೆಯವರೂ ವಿಚಾರಿಸುವುದಿಲ್ಲ, ಹಾಸಲು ಬಂದವರೂ ಹೇಳುವುದಿಲ್ಲ. ಆರು ತಿಂಗಳಿಗೆ ಅಂಗಳ ಅರ್ಧ ಒಣಗಿ, ಅರ್ಧ ಕಸ ಬೆಳೆದು ನಿಂತಾಗ ಬೈಗುಳ ತಿನ್ನುವವನು ಮಾಲಿ. ಲಾನಿನ ನಿಜವಾದ ಬೆಲೆಯಲ್ಲಿ ಎರಡು ಬಾಬುಗಳನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ: ದುಡಿಯುವವರ ಸರಿಯಾದ ಪಗಾರ ಮತ್ತು ನೀರು. ಇವೆರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಈ ಮೂರು ತಾಲ್ಲೂಕುಗಳ ಮನೆಗಳಿಗೆ ಒಪ್ಪುವುದು ಚಿಕ್ಕ ಲಾನ್ ಮತ್ತು ಈಗಿನದಕ್ಕಿಂತ ಹೆಚ್ಚು ಪಗಾರ ಪಡೆಯುವ ಮಾಲಿ ಎಂಬುದು ನನ್ನ ವಾದ.

ಮೊದಲು ದುಡಿಮೆಯ ಲೆಕ್ಕ. ಸಾವಿರ ಚದರ ಅಡಿಯ ಲಾನ್ ಹಿಡಿಯೋಣ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕತ್ತರಿಸಲೇಬೇಕು. ಹುಲ್ಲಿನ ಎತ್ತರದ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಒಮ್ಮೆಲೇ ಕತ್ತರಿಸಿದರೆ ಬೇರು ಸೊರಗುತ್ತದೆ, ಆದ್ದರಿಂದ ತಿಂಗಳಿಗೊಮ್ಮೆ ಬಂದು ಬೋಳಿಸಿ ಹೋಗುವ ಕೆಲಸ ಕೆಲಸವೇ ಅಲ್ಲ. ಮಷಿನ್ ಓಡಿಸುವುದು, ಅಂಚು ಕತ್ತರಿಸುವುದು, ಉದುರಿದ ಹುಲ್ಲು ಬಳಿದು ಹೊರಗೆ ಹಾಕುವುದು, ಎಲ್ಲ ಸೇರಿ ಪ್ರತಿ ಸಲ ಅರ್ಧ ದಿನ. ಅಂದರೆ ತಿಂಗಳಿಗೆ ಎರಡು ದಿನ. ಕಸ ಕೀಳಲು ಒಂದೂವರೆ ದಿನ. ಗೊಬ್ಬರ ಹಾಕಲು, ತಗ್ಗು ಬಿದ್ದಲ್ಲಿ ಮಣ್ಣು ತುಂಬಲು, ಸತ್ತ ಕಡೆ ಹುಲ್ಲು ನಾಟಲು ಇನ್ನರ್ಧ ದಿನ. ಒಟ್ಟು ನಾಲ್ಕು ದಿನದ ದುಡಿಮೆ. 2025-26ಕ್ಕೆ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಎಂದು ನಿಗದಿಯಾಗಿತ್ತು. ಅದು ಗುದ್ದಲಿ ಹಿಡಿಯಬಲ್ಲ ಯಾರಿಗಾದರೂ ಸಿಗುವ ಕೂಲಿ. ಆ ದರದಲ್ಲೇ ನಾಲ್ಕು ದಿನಕ್ಕೆ 1,480 ರೂಪಾಯಿ ಆಯಿತು. ಯಾವ ಹುಲ್ಲಿಗೆ ಎಷ್ಟು ನೀರು, ಯಾವ ಕಸಕ್ಕೆ ಯಾವ ಉಪಾಯ, ಬ್ಲೇಡನ್ನು ಎಷ್ಟು ಎತ್ತರಕ್ಕೆ ಇಡಬೇಕು ಎಂದು ಬಲ್ಲ ಮಾಲಿಗೆ ಅದರ ಒಂದೂವರೆ ಪಟ್ಟಾದರೂ ಸಲ್ಲಬೇಕು. ಆಗ 2,220 ರೂಪಾಯಿ. ಮಷಿನ್ ಸವಕಳಿ, ಪೆಟ್ರೋಲು, ಗೊಬ್ಬರ, ಅವನ ಓಡಾಟ ಎಂದು ಐದಾರುನೂರು ಸೇರಿಸಿದರೆ ತಿಂಗಳಿಗೆ 2,700ರಿಂದ 2,800. ಬೇಸಿಗೆಯಲ್ಲಿ ಕತ್ತರಿಸುವ ಕೆಲಸ ಅರ್ಧಕ್ಕಿಳಿಯುತ್ತದೆ ನಿಜ, ಆದರೆ ಆ ಹೊತ್ತನ್ನು ನೀರು ಹಾಯಿಸುವ ಕೆಲಸ ನುಂಗುತ್ತದೆ. ವರ್ಷಕ್ಕೆ ಮೂವತ್ತು ಸಾವಿರದ ಆಚೆ ಎಂದು ಮೊದಲೇ ತಿಳಿದಿದ್ದರೆ ಎಷ್ಟೋ ಮಂದಿ ಲಾನಿನ ಅಳತೆಯನ್ನು ನಕ್ಷೆಯಲ್ಲೇ ಕಡಿಮೆ ಮಾಡಿಸುತ್ತಿದ್ದರು. ಯಾರಾದರೂ ಇದರ ಮೂರರಲ್ಲೊಂದು ಭಾಗಕ್ಕೆ ಒಪ್ಪಿಕೊಂಡರೆ ಅದನ್ನು ಅಗ್ಗವೆಂದು ತಿಳಿಯಬಾರದು. ಅವರು ಯಾವ ಕೆಲಸ ಬಿಡುತ್ತಾರೆ ಎಂದು ಕೇಳಬೇಕು.

ಸಾಮಾನ್ಯವಾಗಿ ಬಿಟ್ಟುಹೋಗುವುದು ಕಸ ಕೀಳುವ ಕೆಲಸ. ಹೊರಗಿನವರಿಗೆ ಅದು ಕಾಣುವುದೂ ಇಲ್ಲ. ನಮ್ಮ ಭಾಗದ ಲಾನಿಗೆ ದೊಡ್ಡ ಕಾಟ ಜೇಕು. ಮೇಲೆ ನಾಲ್ಕು ಎಸಳು ಹೊಳೆಯುತ್ತಿರುತ್ತವೆ, ಕಿತ್ತರೆ ಸುಲಭವಾಗಿ ಕೈಗೆ ಬರುತ್ತದೆ. ಗಡ್ಡೆ ಮಾತ್ರ ಮಣ್ಣಲ್ಲೇ ಉಳಿಯುತ್ತದೆ. ಒಂದು ಗಡ್ಡೆಯಿಂದ ದಾರದಂಥ ಬೇರು ಹೊರಟು ಮತ್ತೊಂದು ಗಡ್ಡೆ, ಅದರಿಂದ ಇನ್ನೊಂದು. ಕುಕ್ಕರುಗಾಲಲ್ಲಿ ಕೂತು, ಕುರ್ಪಿಯ ತುದಿಯನ್ನು ಗೇಣುದ್ದ ಇಳಿಸಿ, ಸುತ್ತಲ ಹುಲ್ಲಿಗೆ ಪೆಟ್ಟಾಗದಂತೆ ಆ ಸರವನ್ನೇ ಎತ್ತಬೇಕು. ಒಂದು ಗಡ್ಡೆ ಉಳಿದರೂ ಕೆಲವೇ ದಿನಗಳಲ್ಲಿ ಮತ್ತೆ ಚಿಗುರುತ್ತದೆ. ಈ ಕೆಲಸಕ್ಕೆ ಹೆಚ್ಚಾಗಿ ಕರೆಯುವುದು ಹೆಣ್ಣಾಳುಗಳನ್ನು, ಮತ್ತು ಮಷಿನ್ ಓಡಿಸುವ ಗಂಡಾಳಿಗಿಂತ ಕಡಿಮೆ ಕೂಲಿಗೆ. ಸಮಾನ ಕೆಲಸಕ್ಕೆ ಸಮಾನ ವೇತನ ಎಂದು ದೇಶದಲ್ಲಿ ಕಾಯ್ದೆಯಾಗಿದ್ದು 1976ರಲ್ಲಿ. ಹೊಲದಲ್ಲೇ ಪಾಲನೆಯಾಗದ ಕಾಯ್ದೆ ಕಾಂಪೌಂಡಿನೊಳಗೆ ಪಾಲನೆಯಾಗುತ್ತದೆಯೇ ಎಂದು ಕೇಳಬಹುದು. ಹೊಲದ ಯಜಮಾನನಿಗಾದರೂ ಬೆಲೆ ಕುಸಿದ ಬೆಳೆಯ ನೆಪ ಇರುತ್ತದೆ. ಅಂದಕ್ಕೆಂದು ಹುಲ್ಲು ಬೆಳೆಸುವವರಿಗೆ ಆ ನೆಪವೂ ಇಲ್ಲ.

ಇನ್ನು ನೀರು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಏಪ್ರಿಲ್, ಮೇ ಬಿಸಿಲಿನಲ್ಲಿ ನಮ್ಮ ಸೀಮೆಯ ಹುಲ್ಲು ಹಸಿರಾಗಿರಬೇಕಾದರೆ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಬೇಕು. ಸಾವಿರ ಚದರ ಅಡಿ ಎಂದರೆ 93 ಚದರ ಮೀಟರ್. ದಿನಕ್ಕೆ 465 ಲೀಟರ್, ತಿಂಗಳಿಗೆ ಹತ್ತಿರಹತ್ತಿರ 14 ಸಾವಿರ ಲೀಟರ್. ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಇಟ್ಟಿರುವ ಪ್ರಮಾಣ 55 ಲೀಟರ್. ಅಂದರೆ ಒಂದು ಅಂಗಳದ ಹುಲ್ಲು ಎಂಟು ಜನರ ಪಾಲಿನ ನೀರು ಕುಡಿಯುತ್ತದೆ. ಗೋಕಾಕ ಉತ್ತರದ ಒಣ ವಲಯಕ್ಕೆ ಸೇರಿದ ಸೀಮೆ. ಹುಕ್ಕೇರಿಯ ಪಡುವಣ ಭಾಗಕ್ಕೆ ಮಳೆ ಕೊಂಚ ಹೆಚ್ಚು. ಮಳೆಗಾಲದಲ್ಲಿ 170 ಅಡಿ ಧುಮುಕುವ ಗೋಕಾಕ ಫಾಲ್ಸ್ ಬೇಸಿಗೆಗೆ ಬಂಡೆಯಷ್ಟೇ ಕಾಣುವಂತಾಗುತ್ತದೆ. 2019ರ ಆಗಸ್ಟಿನಲ್ಲಿ ಊರೊಳಗೇ ನುಗ್ಗಿದ ಹೊಳೆ ಮೇ ತಿಂಗಳಲ್ಲಿ ನಮ್ಮ ನಲ್ಲಿಗೆ ನೀರು ಕೊಡುತ್ತದೆಂಬ ಭರವಸೆಯಿಲ್ಲ. ಹಿಡಕಲ್ ಜಲಾಶಯದಲ್ಲಿ 51 ಟಿಎಂಸಿ ಅಡಿ ಹಿಡಿಯುವ ಜಾಗವಿದೆ. ಅದರ ಪ್ರತಿ ಪಾಲಿಗೂ ಕಾಲುವೆಯ ಕೊನೆಯವರೆಗೆ ಕಾಯುವವರಿದ್ದಾರೆ. ಅಲ್ಲಿಂದ ಧಾರವಾಡದ ಕೈಗಾರಿಕೆಗಳಿಗೆ ನೀರು ಒಯ್ಯುವ ಯೋಜನೆಗೆ 2025ರಲ್ಲಿ ಜಿಲ್ಲೆಯಲ್ಲಿ ವಿರೋಧ ಎದ್ದಿತು. ಹೊರಗೆ ಹೋಗುವ ನೀರನ್ನು ಪ್ರಶ್ನಿಸುವ ನಾವು ನಮ್ಮ ಕಾಂಪೌಂಡಿನೊಳಗೆ ಹರಿಯುವ ನೀರನ್ನೂ ಅಷ್ಟೇ ನಿಷ್ಠುರವಾಗಿ ಅಳೆಯಬೇಕು.

ಅಳೆಯದಿರಲು ಕಾರಣ ಸ್ಪಷ್ಟ. ಬೋರಿನಿಂದ ಮುನ್ನೂರು ಅಡಿ ಮೇಲಕ್ಕೆ 14 ಸಾವಿರ ಲೀಟರ್ ನೀರೆತ್ತಲು ಪಂಪಿಗೆ ಬೇಕಾಗುವುದು ಹತ್ತು ಹನ್ನೆರಡು ಯೂನಿಟ್ ವಿದ್ಯುತ್ ಮಾತ್ರ. ಬಿಲ್ ಹೆಸ್ಕಾಂನಿಂದ ಬರಲಿ, ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘದಿಂದ ಬರಲಿ, ಅಷ್ಟು ಯೂನಿಟ್ ಅದರಲ್ಲಿ ಕಣ್ಣಿಗೂ ಬೀಳುವುದಿಲ್ಲ. ಗೃಹಜ್ಯೋತಿಯ ಮಿತಿಯೊಳಗಿದ್ದರೆ ಸೊನ್ನೆ. ತೋಟದ ಮನೆಯಾದರೆ 10 ಅಶ್ವಶಕ್ತಿವರೆಗಿನ ಕೃಷಿ ಪಂಪ್‌ಸೆಟ್ಟಿಗೆ ವಿದ್ಯುತ್ತೇ ಉಚಿತ. ಹೀಗಾಗಿ ಲಾನಿನ ಅತಿ ದೊಡ್ಡ ಖರ್ಚು ಮನೆಯವರ ಕೈಗೆ ಬರುವ ಯಾವ ಕಾಗದದಲ್ಲೂ ಮೂಡುವುದಿಲ್ಲ. ಬೋರ್ ಬತ್ತಿದ ವರ್ಷ 5,000 ಲೀಟರಿನ ಟ್ಯಾಂಕರ್ ತಿಂಗಳಿಗೆ ಮೂರು ಸಲ ಬರಬೇಕಾದಾಗ ಮಾತ್ರ ಅದು ಕಾಣುತ್ತದೆ. ತಮ್ಮೂರಿನ ಟ್ಯಾಂಕರ್ ದರವನ್ನು ಮೂರರಿಂದ ಗುಣಿಸಿ ಮಾಲಿಯ ಪಗಾರಕ್ಕೆ ಕೂಡಿಸಿದರೆ ಲಾನಿನ ತಿಂಗಳ ಖರ್ಚು ಎಷ್ಟೆಂದು ಪ್ರತಿಯೊಬ್ಬರಿಗೂ ತಿಳಿಯುತ್ತದೆ.

ನನ್ನ ಜಾಗ, ನನ್ನ ಬೋರು, ನನ್ನ ದುಡ್ಡು, ಇದರಲ್ಲಿ ಊರಿನವರ ಮಾತೇನು ಎಂಬ ಆಕ್ಷೇಪ ಬರುತ್ತದೆ. ಜಾಗ ನಮ್ಮದು ಹೌದು. ಆದರೆ ಜಾಗದ ಹದ್ದುಬಸ್ತು ಅಂತರ್ಜಲಕ್ಕಿಲ್ಲ. ಒಂದು ಮನೆಯ ಪಂಪು ಓಡಿದಾಗ ಪಕ್ಕದ ಮನೆಯ ಬೋರಿನ ಮಟ್ಟವೂ ಇಳಿಯುತ್ತದೆ. ಅದಕ್ಕೇ ರಾಜ್ಯ 2011ರಲ್ಲಿ ಅಂತರ್ಜಲದ ನಿಯಂತ್ರಣಕ್ಕೆ ಕಾಯ್ದೆ ಮಾಡಿತು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಕಬ್ಬಿನದು. ಕಣ್ಣು ಹಾಯುವಷ್ಟು ದೂರ ಕಬ್ಬು ನಿಂತಿರುವ ಸೀಮೆಯಲ್ಲಿ ಅಂಗೈಯಗಲ ಹುಲ್ಲಿನ ನೀರು ಲೆಕ್ಕ ಹಾಕುವುದು ಯಾವ ನ್ಯಾಯ ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. ಕಬ್ಬಿಗೆ ಒಂದು ಬೆಳೆಗೆ 1,500ರಿಂದ 2,500 ಮಿಲಿಮೀಟರ್ ನೀರು ಬೇಕು. ಮೂರೂ ತಾಲ್ಲೂಕುಗಳ ಒಟ್ಟು ಬಳಕೆಯಲ್ಲಿ ಲಾನುಗಳ ಪಾಲು ಕಬ್ಬಿನ ಮುಂದೆ ಏನೂ ಅಲ್ಲ, ಒಪ್ಪುತ್ತೇನೆ. ಆದರೆ ಚದರ ಅಡಿಗೆ ಚದರ ಅಡಿ ಇಟ್ಟು ನೋಡಿದರೆ ವರ್ಷವಿಡೀ ಹಸಿರಾಗಿಡುವ ಲಾನ್ ಕುಡಿಯುವುದು ಹೆಚ್ಚುಕಡಿಮೆ ಕಬ್ಬಿನಷ್ಟೇ ನೀರು. ಕಬ್ಬು ಒಂದು ಕುಟುಂಬದ ವರ್ಷದ ಗಂಜಿ, ಕಾರ್ಖಾನೆಯ ಕೆಲಸ, ಕಡಿಯಲು ಬಂದ ಗ್ಯಾಂಗಿನ ಕೂಲಿ. ಅದೂ ಅಲ್ಲದೆ ಲಾನ್ ಕುಡಿಯುವುದು ಊರ ಬಡಾವಣೆಯ ಬೋರಿನಿಂದ, ಪಕ್ಕದ ಮನೆಯವರು ಕೊಡ ಹಿಡಿದು ನಲ್ಲಿಗಾಗಿ ಕಾಯುವ ದಿನಗಳಲ್ಲೇ. ಕಬ್ಬಿನ ನೀರನ್ನು ಹನಿ ನೀರಾವರಿಯಿಂದ ಕಡಿಮೆ ಮಾಡಬೇಕೆಂಬ ಮಾತು ಬೇರೆ, ಅದೂ ನಡೆಯಲಿ. ದೊಡ್ಡ ಸೋರಿಕೆಯೊಂದು ಇದೆಯೆಂದು ಚಿಕ್ಕದನ್ನು ಬಿಡಲು ಬರುವುದಿಲ್ಲ. ಅಮೆರಿಕದ ಲಾಸ್ ವೇಗಸ್‌ನಲ್ಲಿ ಜಲ ಪ್ರಾಧಿಕಾರವೇ ಚದರ ಅಡಿಗೆ ಇಷ್ಟು ಡಾಲರ್ ಎಂದು ಕೊಟ್ಟು ಮನೆಗಳ ಹುಲ್ಲು ತೆಗೆಸುತ್ತಿದೆ. ಹಾಕಲು ಒಮ್ಮೆ, ತೆಗೆಯಲು ಒಮ್ಮೆ ಖರ್ಚು ಮಾಡುವ ಸ್ಥಿತಿಗೆ ನಾವು ಹೋಗಬೇಕಿಲ್ಲ.

ಹುಲ್ಲಿದ್ದರೆ ಮನೆ ತಂಪು, ಮಕ್ಕಳು ಬಿದ್ದರೂ ಮೊಣಕಾಲು ತರಚುವುದಿಲ್ಲ ಎಂಬುದು ಸುಳ್ಳಲ್ಲ. ಕಾಂಕ್ರೀಟ್ ಹೊದಿಸಿದ ಅಂಗಳಕ್ಕಿಂತ ಹುಲ್ಲು ಎಷ್ಟೋ ಮೇಲು. ಮಳೆ ನೀರನ್ನಾದರೂ ಮಣ್ಣಿಗೆ ಇಳಿಸುತ್ತದೆ. ತಂಪೇ ಬೇಕಾದರೆ ಪಡುವಣ ಗೋಡೆಯ ಕಡೆ ಒಂದು ಬೇವು ಅಥವಾ ಹೊಂಗೆ ಹಚ್ಚುವುದು ಉತ್ತಮ. ಎರಡು ಮೂರು ಬೇಸಿಗೆ ನೀರುಣಿಸಿ ಬೇರು ಬಿಟ್ಟರೆ ಆಮೇಲೆ ಅದು ಕೇಳುವುದು ಕಡಿಮೆ. ಪ್ಲಾಸ್ಟಿಕ್ ಹುಲ್ಲು ಹಾಸಿ ಮಾಲಿಯೂ ಬೇಡ, ನೀರೂ ಬೇಡ ಎನ್ನುವವರು ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಬರಿಗಾಲಿಟ್ಟು ನೋಡಲಿ. ನಿಜವಾದ ಹುಲ್ಲಿಗಿಂತ ಅದು ಬಹಳ ಕಾಯುತ್ತದೆ. ಮಕ್ಕಳ ಆಟಕ್ಕೆ, ಸಂಜೆ ನಾಲ್ಕು ಜನ ಕೂತು ಮಾತಾಡಲು ನಾನೂರು ಚದರ ಅಡಿ ಸಾಕು. ಈ ಅಳತೆಗೆ ಕಾರಣವಿದೆ. ಐದು ಜನರ ಮನೆಯಲ್ಲಿ ಸ್ನಾನ ಮತ್ತು ಬಟ್ಟೆ ಒಗೆದು ಜಾಲಾಡಿಸಿದ ನೀರೇ ದಿನಕ್ಕೆ 200 ಲೀಟರ್ ಸಿಗುತ್ತದೆ. ಮರಳು, ಜಲ್ಲಿ ತುಂಬಿದ ಸಣ್ಣ ಗುಂಡಿಯಲ್ಲಿ ಸೋಸಿ ಬಿಟ್ಟರೆ ಕಡುಬೇಸಿಗೆಯಲ್ಲೂ 40 ಚದರ ಮೀಟರ್ ಹುಲ್ಲಿಗೆ ಅದು ಸಾಲುತ್ತದೆ, ಬೋರಿನ ಗುಂಡಿ ಒತ್ತಬೇಕಾಗಿಲ್ಲ. ಹುಲ್ಲನ್ನೂ ನೋಡಿ ಆರಿಸಬೇಕು. ನಮ್ಮ ಕರಿಕೆ, ಹೊಲದಲ್ಲಿ ಬೆಳೆದರೆ ರೈತರು ಆಳು ಹಚ್ಚಿ ಕೀಳಿಸುವ ಅದೇ ಕರಿಕೆ, ಈ ಬಿಸಿಲಿಗೆ ಎಲ್ಲಕ್ಕಿಂತ ತಾಳುವ ಹುಲ್ಲು. ಎರಡು ವಾರ ನೀರು ತಪ್ಪಿದರೆ ಕಂದುತ್ತದೆ, ಮಳೆ ಬಿದ್ದರೆ ಚಿಗುರುತ್ತದೆ. ಎರಿ ಮಣ್ಣಿನ ಜಾಗವಾದರೆ ಬೇಸಿಗೆಯಲ್ಲಿ ಬಿರುಕು, ಮಳೆಗೆ ಕೆಸರು. ಅಲ್ಲಿ ನೀರು ಬಸಿಯಲು ದಾರಿ ಮಾಡಿ, ಮೇಲೆ ಮಸಾರಿ ಮಣ್ಣನ್ನೂ ತಿಪ್ಪೆಗೊಬ್ಬರವನ್ನೂ ಬೆರೆಸಿ ಹಾಕುವ ಖರ್ಚನ್ನು ಮೊದಲ ದಿನವೇ ಲೆಕ್ಕದಲ್ಲಿ ಹಿಡಿಯಬೇಕು.

ಪಗಾರ ಏರಿಸಿ ಲಾನ್ ಚಿಕ್ಕದು ಮಾಡಿ ಎಂದರೆ ಕೊನೆಗೆ ಕೆಲಸ ಕಳೆದುಕೊಳ್ಳುವವನು ಮಾಲಿಯೇ ಅಲ್ಲವೇ ಎಂಬ ಆಕ್ಷೇಪಕ್ಕೂ ಉತ್ತರಿಸಬೇಕು. ಸಾವಿರ ಅಡಿಗೆ ನಾಲ್ಕು ದಿನವಾದರೆ ನಾನೂರು ಅಡಿಗೆ ಎರಡು ದಿನಕ್ಕಿಂತ ಕಡಿಮೆ. ಸರಿಯಾದ ದರದಲ್ಲಿ ಮನೆಯೊಂದಕ್ಕೆ ತಿಂಗಳಿಗೆ ಸಾವಿರದ ಇನ್ನೂರರ ಆಸುಪಾಸು. ಇದು ಶಿಕ್ಷಕರು, ಸಣ್ಣ ಅಂಗಡಿಯವರು, ನಿವೃತ್ತರು ಕೂಡ ಕೊಡಬಲ್ಲ ಮೊತ್ತ. ಮಾಲಿಗೆ ಹತ್ತು ಹನ್ನೆರಡು ಮನೆ ಹಿಡಿದರೆ ತಿಂಗಳು ತುಂಬುತ್ತದೆ, ಒಂದು ಮನೆಯವರು ಬಿಡಿಸಿದರೂ ಒಲೆ ಆರುವುದಿಲ್ಲ. ಬೇಕಿರುವುದು ಎರಡೂ ಕಡೆಯವರು ನಂಬುವ ಒಂದು ದರಪಟ್ಟಿ. ಅದನ್ನು ಮಾಡಬಲ್ಲ ಸಂಸ್ಥೆ ಕೂಗಳತೆಯಲ್ಲೇ ಇದೆ. ಗೋಕಾಕದಿಂದ ಬೇರ್ಪಟ್ಟ ಮೂಡಲಗಿ ತಾಲ್ಲೂಕಿನ ಅರಭಾವಿಯಲ್ಲಿ, ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜು ಇದೆ. ಯಾವ ಋತುವಿನಲ್ಲಿ ಎಷ್ಟು ಸಲ ಕತ್ತರಿಸಬೇಕು, ಎಷ್ಟು ತಾಸಿನ ಕೆಲಸ, ಎಷ್ಟು ನೀರು ಎಂದು ಅಲ್ಲಿನವರು ವರ್ಷಕ್ಕೊಮ್ಮೆ ಒಂದು ಹಾಳೆ ಪ್ರಕಟಿಸಿದರೆ, ಮಾಲಿಗಳಿಗೆ ವಾರದ ತರಬೇತಿ ಕೊಟ್ಟು ಚೀಟಿ ಕೊಟ್ಟರೆ, ಬಾಯಿಮಾತಿನ ಚೌಕಾಸಿಗೆ ಒಂದು ಆಧಾರ ಸಿಗುತ್ತದೆ. ಅದು ಬರುವವರೆಗೆ ಮನೆಯವರು ತಾವೇ ಒಂದು ಕಾಗದದಲ್ಲಿ ಬರೆದುಕೊಳ್ಳಲಿ: ತಿಂಗಳಿಗೆ ಎಷ್ಟು ಸಲ ಬರಬೇಕು, ಜೇಕು ತೆಗೆಯುವುದು ಸೇರಿದೆಯೇ, ಮಷಿನ್ ಯಾರದು, ಪೆಟ್ರೋಲು ಯಾರದು, ಮಳೆಯಿಂದ ತಪ್ಪಿದ ದಿನದ ಕೂಲಿ ಏನಾಗಬೇಕು, ಬ್ಲೇಡಿಗೆ ಕೈ ಸಿಕ್ಕರೆ ಆಸ್ಪತ್ರೆಯ ಖರ್ಚು ಯಾರು ಕೊಡಬೇಕು. ಈ ಕೊನೆಯ ಪ್ರಶ್ನೆಗೆ ಮನೆಯವರು ಎಂದು ಬರೆಯಲು ಹಿಂಜರಿಯುವವರು ಇನ್ನೂ ಮಾಲಿಯನ್ನು ಕರೆಯುವ ಹಂತಕ್ಕೆ ಬಂದಿಲ್ಲ.