ಮದುವೆ ಮನೆಯ ಖಾಲಿ ಗಂಟೆ

ಈಚೆಗೆ ಚೆನ್ನೈನ ಇವೆಂಟ್‌ನವರು ಕೊಡುವ ಕೊಟೇಶನ್‌ಗಳಲ್ಲಿ ಹೂವಿನ ಅಲಂಕಾರ, ಫೋಟೊ, ಊಟ ಎಲ್ಲ ಮುಗಿದ ಮೇಲೆ ಕೆಳಗೊಂದು ಸಾಲು ಇರುತ್ತದೆ: ‘ಕಾಕ್‌ಟೇಲ್ ಅವರ್ ಎಂಟರ್‌ಟೈನ್‌ಮೆಂಟ್’. ಮಗಳ ಮದುವೆ ಗೊತ್ತು ಮಾಡಿಕೊಂಡ ನಮ್ಮ ಕನ್ನಡದ ಅಪ್ಪಂದಿರು ಆ ಸಾಲಿಗೆ ಬಂದಾಗ ಗಾಬರಿಯಾಗುತ್ತಾರೆ. ಗಾಬರಿ ಬೇಡ. ಇಲ್ಲಿ ಕಾಕ್‌ಟೇಲ್ ಹೆಸರಿಗೆ ಮಾತ್ರ. 2023ರ ಏಪ್ರಿಲ್‌ನಲ್ಲಿ ತಮಿಳುನಾಡು ಸರ್ಕಾರ ವಿಶೇಷ ಪರವಾನಗಿ ಪಡೆದು ಮದುವೆ ಮಂಟಪಗಳಲ್ಲೂ ಮದ್ಯ ಕೊಡಬಹುದು ಎಂದು ಅಧಿಸೂಚನೆ ಹೊರಡಿಸಿ, ಗದ್ದಲವೆದ್ದ ಕೂಡಲೇ ಮಂಟಪಗಳನ್ನು ಪಟ್ಟಿಯಿಂದ ಕೈಬಿಟ್ಟಿತು. ಹಾಗಾಗಿ ಕಲ್ಯಾಣ ಮಂಟಪದ ಕಾಕ್‌ಟೇಲ್ ಎಂದರೆ ರೋಸ್ ಮಿಲ್ಕ್, ಪನ್ನೀರ್ ಸೋಡ, ಎಳನೀರು, ಫಿಲ್ಟರ್ ಕಾಫಿ.

ಆದರೆ ಆ ಗಂಟೆ ಮಾತ್ರ ನಿಜ. ಆರತಕ್ಷತೆ ಆರೂವರೆಗೆ ಎಂದು ಕಾರ್ಡಿನಲ್ಲಿ ಅಚ್ಚಾಗಿರುತ್ತದೆ. ಮೇಕಪ್ ಮುಗಿಸಿ ಮದುಮಕ್ಕಳು ವೇದಿಕೆಗೆ ಬರುವಾಗ ಏಳೂವರೆ. ಆಮೇಲೆ ಉಡುಗೊರೆ ಕೊಡುವವರ ಸಾಲು. ಇನ್ನೊಂದು ಕಡೆ ಊಟದ ಹಾಲ್‌ನಲ್ಲಿ ಉಣ್ಣುತ್ತಿರುವವರ ಬೆನ್ನ ಹಿಂದೆ ಮುಂದಿನ ಪಂಕ್ತಿಯವರು ಕುರ್ಚಿ ಹಿಡಿದು ನಿಂತಿರುತ್ತಾರೆ. ನಡುವೆ ಆರ್ಕೆಸ್ಟ್ರಾದ ಸ್ಪೀಕರ್. ಇಪ್ಪತ್ತು ವರ್ಷಗಳ ನಂತರ ಸಿಕ್ಕ ದೊಡ್ಡಪ್ಪನ ಮಗನ ಜೊತೆ ಎರಡು ಮಾತು ಆಡಬೇಕೆಂದರೆ ಕಿವಿಗೆ ಬಾಯಿ ಹಚ್ಚಿ ಕೂಗಬೇಕು.

ಈ ಹೊತ್ತಿಗೆಂದೇ ಈಗ ಚಿಕ್ಕ ಚಿಕ್ಕ ಕಲಾವಿದರು ಸಿಗುತ್ತಾರೆ. ವೇದಿಕೆ ಬೇಡ, ಮೈಕ್ ಬೇಡ. ಜನರ ನಡುವೆ ಓಡಾಡುತ್ತ, ನಿಮ್ಮ ಕಣ್ಣ ಮುಂದೆ, ನಿಮ್ಮದೇ ಕೈಯಲ್ಲಿ ಇಸ್ಪೀಟೆಲೆ, ನಾಣ್ಯ, ದಾರದ ಚಮತ್ಕಾರ ತೋರಿಸುವ ಜಾದೂಗಾರ, ಐದು ನಿಮಿಷದಲ್ಲಿ ಮುಖ ಬರೆದುಕೊಡುವ ಕ್ಯಾರಿಕೇಚರ್ ಕಲಾವಿದ, ಮೆಹೆಂದಿಯವರು, ಬಳೆ ಅಂಗಡಿ. ನನ್ನ ಕೇಳಿದರೆ ಇವರಲ್ಲಿ ಹಿರಿಯ ಬಳೆಗಾರನೇ. ಕೈ ಹಿಡಿದು, ಅಳತೆ ನೋಡಿ, ಮಾತಾಡಿಸುತ್ತ ಮಾತಾಡಿಸುತ್ತ ನೋವಾಗದಂತೆ ಬಳೆ ಏರಿಸುವುದಕ್ಕಿಂತ ಹತ್ತಿರದ ಕೈಚಳಕ ಯಾವುದಿದೆ? ನಮ್ಮ ಜನಪದ ಹಾಡುಗಳಲ್ಲಿ ತವರಿಗೂ ಗಂಡನ ಮನೆಗೂ ನಡುವೆ ಸುದ್ದಿ ಒಯ್ಯುವವನೂ ಅವನೇ.

ಹಾಗೆ ನೋಡಿದರೆ ಇದು ಹೊರಗಿನಿಂದ ಬಂದದ್ದೂ ಅಲ್ಲ. ನಮ್ಮ ಮದುವೆಗಳಲ್ಲಿ ಉರುಟಣೆ ಇತ್ತು. ಉತ್ತರ ಕರ್ನಾಟಕದ ಕಡೆ ಒಡಪು ಕಟ್ಟಿ ಗಂಡನ ಹೆಸರು ಹೇಳಿಸುತ್ತಿದ್ದರು, ಬೀಗರ ಹಾಡಿನಲ್ಲಿ ಬೀಗಿತ್ತಿಯ ಮೂಗು ಮೂತಿ ಬಿಡದೆ ಹಾಸ್ಯ ಮಾಡುತ್ತಿದ್ದರು. ತಮಿಳು ಬ್ರಾಹ್ಮಣರ ನಲಂಗಿನಲ್ಲಿ ಮದುಮಕ್ಕಳು ಎದುರುಬದುರು ಕೂತು ತೆಂಗಿನಕಾಯಿ ಉರುಳಿಸುತ್ತಾರೆ, ತಲೆಯ ಮೇಲೆ ಹಪ್ಪಳ ಒಡೆಯುತ್ತಾರೆ. ಎಲ್ಲದರ ಉದ್ದೇಶ ಒಂದೇ: ಪರಿಚಯವಿಲ್ಲದ ಎರಡು ಮನೆಯವರ ಬಿಗುಮಾನ ಇಳಿಸುವುದು. ಒಂದೂವರೆ ದಿನದ ಮದುವೆಯಲ್ಲಿ ಅದಕ್ಕೆಲ್ಲ ಸಮಯ ಇಲ್ಲವಾಗಿದೆ. ಬಿಗುಮಾನ ಮಾತ್ರ ಹಾಗೇ ಉಳಿದಿದೆ.

ನಮ್ಮಂಥ ಹೊರನಾಡಿಗರಿಗೆ ಇದು ಇನ್ನೂ ದೊಡ್ಡ ಪ್ರಶ್ನೆ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಇಲ್ಲಿಯವರನ್ನೇ ಮೆಚ್ಚುತ್ತಾರೆ. ನಮ್ಮ ಅಣ್ಣನ ಮಗಳ ಮದುವೆ ಕುಂಭಕೋಣದ ಕಡೆಯ ಹುಡುಗನ ಜೊತೆ ಆಯಿತು. ಶಿವಮೊಗ್ಗದಿಂದ ಒಂದು ಬಸ್ಸು ತುಂಬ ನಮ್ಮವರು ಬಂದಿದ್ದರು, ಹೆಚ್ಚಿನವರಿಗೆ ತಮಿಳು ಒಂದಕ್ಷರ ಬಾರದು. ಹಾಲ್‌ನ ಎಡಗಡೆ ನಾವು, ಬಲಗಡೆ ಅವರು, ನಡುವಿನ ದಾರಿಯಲ್ಲಿ ಮಕ್ಕಳು ಮಾತ್ರ ಓಡಾಡುತ್ತಿದ್ದವು. ಜಾದೂಗಾರನನ್ನು ಗೊತ್ತು ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ಅವನಿಗೆ ಹಾಕಿದ ಷರತ್ತು ಒಂದೇ: ಪ್ರತಿ ಆಟಕ್ಕೂ ಎಡಗಡೆಯ ಒಬ್ಬರು, ಬಲಗಡೆಯ ಒಬ್ಬರು ಬೇಕು. ಬೇಕಾಗುವ ಕನ್ನಡವನ್ನೂ ಮೊದಲೇ ಹೇಳಿಕೊಟ್ಟಿದ್ದೆ: ನೋಡಿ, ಹಿಡ್ಕೊಳ್ಳಿ, ಊದಿ. ‘ಊದಿ’ ಹೇಳಿಕೊಡಬೇಕಾಗಲೇ ಇಲ್ಲ. ತಮಿಳಿನಲ್ಲೂ ಅದು ಊದುವುದೇ.

ನಮ್ಮ ಅತ್ತೆಗೆ ಎಂಬತ್ತರ ಮೇಲೆ ವಯಸ್ಸು. ಅವರ ಬೆರಳಿನ ಉಂಗುರ ಇಸಿದುಕೊಂಡ ಜಾದೂಗಾರ ಅದನ್ನು ಮಾಯ ಮಾಡಿದ. ಹುಡುಗನ ಸೋದರಮಾವನ ಮುಷ್ಟಿ ಬಿಡಿಸಿದರೆ ಅಲ್ಲಿತ್ತು. ಅತ್ತೆ ಕೈ ಚಾಚಿ ಕನ್ನಡದಲ್ಲೇ ‘ನನ್ನ ಉಂಗುರ ಕೊಡಪ್ಪ’ ಎಂದರು. ಅವರು ತಮಿಳಿನಲ್ಲಿ ತಾನು ಕದ್ದಿಲ್ಲ ಎಂದು ಆಣೆ ಮಾಡತೊಡಗಿದರು. ಸುತ್ತಲಿದ್ದ ಎಂಟ್ಹತ್ತು ಜನ ಬಿದ್ದು ಬಿದ್ದು ನಕ್ಕರು. ಮರುದಿನ ಮುಹೂರ್ತ ಮುಗಿದ ಮೇಲೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದರು. ಏನು ಮಾತಾಡಿಕೊಂಡರೋ ಆ ದೇವರೇ ಬಲ್ಲ, ಮಾತಾಡಿದ್ದಂತೂ ಹೌದು.

ಇನ್ನು ವ್ಯವಹಾರದ ಮಾತು. ಮೊದಲು ಲೆಕ್ಕ ಹಾಕಿ. ಒಂದು ಗುಂಪಿಗೆ ಹತ್ತು ನಿಮಿಷ, ಗುಂಪಿಗೆ ಎಂಟು ಜನ ಎಂದಿಟ್ಟುಕೊಂಡರೂ ಒಬ್ಬ ಜಾದೂಗಾರ ಗಂಟೆಗೆ 48 ಜನರನ್ನು ಮುಟ್ಟುತ್ತಾನೆ. ಎರಡು ಗಂಟೆಗೆ 96. ಮುಖಕ್ಕೆ ಐದು ನಿಮಿಷ ತೆಗೆದುಕೊಳ್ಳುವ ಕ್ಯಾರಿಕೇಚರ್‌ನವರಿಗೆ ಗಂಟೆಗೆ 12 ಮುಖ. 400 ಜನರ ಆರತಕ್ಷತೆಗೆ ಒಬ್ಬರನ್ನು ಕರೆಸಿ ‘ಎಲ್ಲರಿಗೂ ಸಿಗಲಿಲ್ಲ’ ಎಂದು ಕೊರಗಿ ಫಲವಿಲ್ಲ. ಜಾದೂಗಾರನನ್ನು ಉಡುಗೊರೆಯ ಸಾಲಿನ ಪಕ್ಕ ಮತ್ತು ಊಟದ ಹಾಲ್‌ನ ಬಾಗಿಲಲ್ಲಿ ಓಡಾಡಲು ಹೇಳಿ. ಜನ ಸುಮ್ಮನೆ ನಿಲ್ಲುವ ಜಾಗ ಅವೆರಡೇ. ಕ್ಯಾರಿಕೇಚರ್ ಇಟ್ಟುಕೊಂಡರೆ ಮಕ್ಕಳಿಗೆ ಮತ್ತು ದೂರದಿಂದ ಬಂದ ಹಿರಿಯರಿಗೆ ಎಂದು ಮೊದಲೇ ಚೀಟಿ ಹಂಚಿ. ಆರ್ಕೆಸ್ಟ್ರಾ ಇದ್ದೇ ಇರಬೇಕೆಂದಾದರೆ ಆ ಎರಡು ಗಂಟೆ ವೀಣೆಯದೋ ಕೊಳಲಿನದೋ ಕಚೇರಿ ಇರಲಿ. ಪಕ್ಕದವರ ಮಾತು ಕೇಳಿಸದ ಕಡೆ ಯಾವ ಜಾದೂವೂ ನಡೆಯದು.

ಬೇಡ ಎನ್ನಬೇಕಾದದ್ದನ್ನೂ ಬರೆದು ಕೊಡಿ. ಮಾಂಗಲ್ಯ, ಅಕ್ಷತೆ ಆಟಕ್ಕೆ ಬೇಡ. ಬಣ್ಣ, ಮೈತೂಕ, ಬೋಳುತಲೆಯ ಮೇಲೆ ಜೋಕು ಬೇಡ. ಮನಸ್ಸು ಓದುವವನು ಬಂದರೆ ‘ಮೊದಲ ಪ್ರೀತಿಯ ಹೆಸರು’ ಕೇಳುವ ಆಟ ಖಂಡಿತ ಬೇಡ. ‘ವಿಲೇಜ್ ಥೀಮ್’ ಎಂದು ಗಿಳಿಶಾಸ್ತ್ರದವರನ್ನು ಕೂರಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ. ನಮ್ಮ ಕಾಡಿನ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕಡಲೂರಿನಲ್ಲಿ 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಅಭ್ಯರ್ಥಿಯೊಬ್ಬರಿಗೆ ಗೆಲುವಿನ ಚೀಟಿ ಎತ್ತಿಕೊಟ್ಟ ಗಿಳಿಯ ಯಜಮಾನನನ್ನು ಅರಣ್ಯ ಇಲಾಖೆಯವರು ಹಿಡಿದದ್ದು ಸುದ್ದಿಯಾಗಿತ್ತು. ಆ ಬಡವನನ್ನು ನಮ್ಮ ಮನೆಯ ಶುಭಕಾರ್ಯದಲ್ಲಿ ಸಿಕ್ಕಿಸುವುದೇಕೆ?

ಕೊನೆಯದಾಗಿ ಹಣದ ಮಾತು. ನಾನು ಕಂಡ ಒಂದು ಮದುವೆಯಲ್ಲಿ ಚಿತ್ರ ಬರೆಯುವ ಹುಡುಗಿ ರಾತ್ರಿ ಹನ್ನೊಂದರವರೆಗೆ ಬಾಕಿ ಹಣಕ್ಕಾಗಿ ಮಂಟಪದ ಮೆಟ್ಟಿಲ ಮೇಲೆ ಕೂತಿದ್ದಳು. ಇವೆಂಟ್‌ನವರು ಮನೆಯವರ ಕಡೆ ಕೈ ತೋರಿಸಿದರು, ಮನೆಯವರು ಇವೆಂಟ್‌ನವರ ಕಡೆ. ಆಕೆ ಊಟವನ್ನೂ ಮಾಡಿರಲಿಲ್ಲ, ಯಾರೂ ಕರೆದಿರಲಿಲ್ಲ.

ಈ ಕಥೆ ಹಳೆಯದು. ಮದ್ರಾಸಿಗೆ ಕೈಚಳಕದಲ್ಲಿ ದೊಡ್ಡ ಹೆಸರಿತ್ತು. 1830ರ ದಶಕದ ಆರಂಭದಲ್ಲಿ ಇಲ್ಲಿ ಶೇಷಾಲ್ ಎಂಬ ಮುದುಕನೊಬ್ಬ ಒಂದು ಕೋಲಿನ ಮೇಲೆ ಕೈ ಊರಿ ಗಾಳಿಯಲ್ಲಿ ಕೂತು ತೋರಿಸುತ್ತಿದ್ದ. ಇಂಗ್ಲೆಂಡಿನ ಪತ್ರಿಕೆಗಳು ಚಿತ್ರಸಹಿತ ಬರೆದವು. ಅದಕ್ಕೂ ಮೊದಲು ಲಂಡನ್ನಿಗೆ ಹೋದ ರಾಮಸ್ವಾಮಿ ಅಲ್ಲಿಯವರ ಬಾಯಲ್ಲಿ ‘ರಾಮೊ ಸಾಮಿ’ ಆಗಿ ಮನೆಮಾತಾದ. ವಿಲಿಯಂ ಹ್ಯಾಜ್ಲಿಟ್‌ನಂಥ ಲೇಖಕ ಭಾರತದ ಜಗ್ಲರ್‌ಗಳ ಹಿತ್ತಾಳೆ ಗುಂಡಿನಾಟ ನೋಡಿ ಬೆರಗಾಗಿ ಬರೆದ ಪ್ರಬಂಧ 1821ರಲ್ಲಿ ಪುಸ್ತಕದಲ್ಲಿ ಬಂತು. ಅಷ್ಟು ಹೆಸರು ಮಾಡಿದ ರಾಮಸ್ವಾಮಿ 1850ರಲ್ಲಿ ತೀರಿಕೊಂಡಾಗ ಮಣ್ಣು ಮಾಡಲೂ ದುಡ್ಡಿರಲಿಲ್ಲ. ಹೆಂಡತಿ ಪತ್ರಿಕೆಯ ಮೂಲಕ ಸಹಾಯ ಬೇಡಬೇಕಾಯಿತು. ಬೆರಗಾದವರು ಬಹಳ, ಕೊಟ್ಟವರು ಕಡಿಮೆ.

ಆದ್ದರಿಂದ ಸಾಧ್ಯವಾದರೆ ಕಲಾವಿದರನ್ನು ನೇರವಾಗಿ ಮಾತಾಡಿಸಿ ಗೊತ್ತು ಮಾಡಿ. ಅರ್ಧ ಹಣ ಮುಂಗಡ, ಉಳಿದರ್ಧ ಕೆಲಸ ಶುರುವಾಗುವ ಮೊದಲೇ ಲಕೋಟೆಯಲ್ಲಿ. ಹೊತ್ತು ಮೀರಿದರೆ ಗಂಟೆಗೆ ಎಷ್ಟು ಎಂಬುದನ್ನು ವಾಟ್ಸಾಪ್‌ನಲ್ಲಿ ಬರೆದಿಡಿ. ಮನೆಯ ಒಬ್ಬ ಹುಡುಗನಿಗೆ ಅವರ ಜವಾಬ್ದಾರಿ ಕೊಡಿ: ನೀರು, ಕಾಫಿ, ನಡುವೆ ಹದಿನೈದು ನಿಮಿಷ ಕೂರಲು ಒಂದು ಕುರ್ಚಿ, ಮತ್ತು ಕೊನೆಯ ಪಂಕ್ತಿಯವರೆಗೆ ಕಾಯಿಸದೆ ಊಟ. ನಾದಸ್ವರದವರಿಗೆ ತಟ್ಟೆಯಲ್ಲಿ ಎಲೆ ಅಡಿಕೆ ಹಣ್ಣು ಇಟ್ಟು ಕೊಡುತ್ತೇವಲ್ಲ, ಹೊರಡುವಾಗ ಇವರಿಗೂ ಹಾಗೇ ತಾಂಬೂಲ ಕೊಡಿ. ಮದುಮಗಳ ಅಪ್ಪ ಅಮ್ಮನೇ ಕೊಟ್ಟರೆ ಇನ್ನೂ ಚೆನ್ನ.