ಹಳ್ಳದ ಎಲೆಯನ್ನು ಉಣ್ಣುವ ಜೀವಿಗಳು

ಮಳೆಗಾಲ ಹಿಂದೆ ಸರಿದ ಮೇಲೆ ಹಾನಗಲ್ ತಾಲೂಕಿನ ಪಡುವಣ ಅಂಚಿನ ಹಳ್ಳಗಳಲ್ಲಿ ನೀರು ತಿಳಿಯಾಗುತ್ತದೆ. ಕಲ್ಲುಗಳ ನಡುವೆ ಸಿಕ್ಕಿಕೊಂಡ ಎಲೆಗಳು ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಲೋಳೆಯಾಗಿ ಜಾರುತ್ತವೆ. ನೋಡಿದವರು ‘ಎಲೆ ಕೊಳೆಯಿತು’ ಎಂದು ಮುಂದೆ ನಡೆಯುತ್ತಾರೆ. ಅದನ್ನು ಕೊಳೆಸಿದವರಾರು ಎಂದು ಕೇಳುವವರು ವಿರಳ.

ಕೊಳೆಸಿದ್ದು ಮುಖ್ಯವಾಗಿ ಶಿಲೀಂಧ್ರ. ಈ ಹೆಸರು ಕೇಳಿದೊಡನೆ ರೈತನಿಗೆ ನೆನಪಾಗುವುದು ಅಡಿಕೆಯ ಕೊಳೆರೋಗ, ಸವಣೂರಿನ ವೀಳ್ಯದೆಲೆ ಬಳ್ಳಿಯ ಬುಡಕೊಳೆ, ಶುಂಠಿಯ ಗಡ್ಡೆಕೊಳೆ. ವಿಪರ್ಯಾಸವೆಂದರೆ, ಈ ರೋಗಗಳನ್ನು ತರುವ ಫೈಟಾಫ್ತೊರಾ, ಪಿಥಿಯಂಗಳನ್ನು ಇಂದಿನ ವಿಜ್ಞಾನ ನಿಜವಾದ ಶಿಲೀಂಧ್ರಗಳೆಂದೇ ಒಪ್ಪುವುದಿಲ್ಲ. ಅವು ಕಂದು ಪಾಚಿಗಳ ದಾಯಾದಿಗಳು. ಆದರೂ ಕೆಟ್ಟ ಹೆಸರು ಮಾತ್ರ ಇಡೀ ಕುಲಕ್ಕೆ ಅಂಟಿಕೊಂಡಿದೆ.

ಇಂಗ್ಲೆಂಡಿನ ಸಿ. ಟಿ. ಇಂಗೋಲ್ಡ್ ಅವರು 1942ರಲ್ಲಿ ಹೊಳೆಯಲ್ಲಿ ಬಿದ್ದು ಕೊಳೆಯುತ್ತಿದ್ದ ಆಲ್ಡರ್ ಮರದ ಎಲೆಗಳನ್ನು ಪರೀಕ್ಷಿಸಿ, ನೀರಿಗೇ ಹೊಂದಿಕೊಂಡ ಶಿಲೀಂಧ್ರಗಳ ಗುಂಪೊಂದನ್ನು ವಿವರಿಸಿದರು. ಪಶ್ಚಿಮಘಟ್ಟದ ಹೊಳೆಗಳಲ್ಲಿ ಇವುಗಳನ್ನು ಹುಡುಕಿದವರಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಕೆ. ಆರ್. ಶ್ರೀಧರ್ ಮತ್ತು ಕೆ. ಎಂ. ಕಾವೇರಿಯಪ್ಪ ಪ್ರಮುಖರು. ಇವುಗಳ ಬೀಜಾಣು ದುಂಡಗಿರುವುದು ಕಡಿಮೆ. ಹಲವಕ್ಕೆ ನಾಲ್ಕು ಕೈಗಳಿದ್ದರೆ, ಕೆಲವು ಎಳೆಯಂತೆ ಬಳುಕಿರುತ್ತವೆ. ಹರಿವ ನೀರಿನಲ್ಲಿ ಎಲೆಗೆ ತಾಗಿದಾಗ ಮೂರು ಕೈಗಳು ಏಕಕಾಲಕ್ಕೆ ಊರಿ ಹಿಡಿಯುತ್ತವೆ. ಲಂಗರಿಗೂ ಇದಕ್ಕೂ ಭೇದವಿಲ್ಲ. ಕಿರುಜಲಪಾತಗಳ ಕೆಳಗೆ ನಿಲ್ಲುವ ನೊರೆಯಲ್ಲಿ ಇವು ರಾಶಿಯಾಗಿ ಸಿಲುಕುತ್ತವೆ. ಕಾಲೇಜಿನ ಸಾಧಾರಣ ಸೂಕ್ಷ್ಮದರ್ಶಕದ ಕೆಳಗೆ ಆ ನೊರೆಯ ಒಂದು ಹನಿಯನ್ನಿಟ್ಟ ವಿದ್ಯಾರ್ಥಿಗೆ ಬೇರೆ ಪಾಠ ಬೇಕಾಗದು.

ಒಣಗಿ ಉದುರಿದ ಎಲೆಯಲ್ಲಿ ಸತ್ತ್ವ ಕಡಿಮೆ, ನಾರು ಹೆಚ್ಚು. ಶಿಲೀಂಧ್ರ ಅದರೊಳಗೆ ಹಬ್ಬಿ ನಾರನ್ನು ಸಡಿಲಿಸಿ, ನೀರಿನ ಸಾರಜನಕವನ್ನು ಹೀರಿ ತನ್ನ ಮೈ ಬೆಳೆಸಿಕೊಂಡಾಗ ಅದೇ ಎಲೆ ಪುಷ್ಟಿಯ ಆಹಾರವಾಗುತ್ತದೆ. ನೀರಹುಳುಗಳು ಅಂಥ ಎಲೆಯನ್ನೇ ಆರಿಸಿ ತಿನ್ನುತ್ತವೆ, ಹುಳುಗಳನ್ನು ಮೀನು ತಿನ್ನುತ್ತದೆ. ಈ ಗುಂಪಿನ ಶಿಲೀಂಧ್ರಗಳು ಸೊಂಪಾಗಿ ಬೆಳೆಯಲು ಆಮ್ಲಜನಕ ತುಂಬಿದ ತಿಳಿನೀರು ಬೇಕು.

ಹಿರೇಕೆರೂರಿನ ಮದಗದ ಕೆರೆ, ಸವಣೂರಿನ ಮೋತಿ ತಲಾಬ್, ಶಿಗ್ಗಾವಿಯ ನಾಗನೂರು ಕೆರೆಯಂಥ ನಿಂತ ನೀರಿನ ಬದುಕು ಬೇರೆ. ಇಂಥ ನೀರಿಗೆ ಹೊಂದಿದ ಕೈಟ್ರಿಡ್‌ಗಳೆಂಬ ಶಿಲೀಂಧ್ರಗಳ ಬೀಜಾಣುಗಳು ಬಾಲ ಬೀಸಿ ಈಜುತ್ತವೆ. ನೀರುಚಿಗಟಗಳು ನುಂಗಲಾಗದ ದೊಡ್ಡ ಪಾಚಿಯನ್ನು ಇವು ಹೊಕ್ಕು ಸಾಯಿಸುತ್ತವೆ. ಹೊರಬರುವ ಬೀಜಾಣುಗಳನ್ನು ಆ ಚಿಗಟಗಳು ತಿನ್ನುತ್ತವೆ. ಪಾಚಿ ಹೀಗೆ ಸುತ್ತುಹಾದಿಯಲ್ಲಿ ಮೀನಿನ ಬಾಯಿ ಸೇರುತ್ತದೆ. ಇನ್ನು ವರದೆ, ಕುಮುದ್ವತಿಗಳ ನೀರು ತುಂಗಭದ್ರೆಯಾಗಿ, ಕೃಷ್ಣೆಯಾಗಿ ಬಂಗಾಳ ಕೊಲ್ಲಿಗೆ ಹೋಗುವುದಷ್ಟೆ. ಕೃಷ್ಣೆಯ ಮುಖಜಭೂಮಿಯ ಕಾಂಡ್ಲಾ ಕಾಡುಗಳಲ್ಲಿ ಉಪ್ಪುನೀರಿನ ಮರಗಳನ್ನು ಕೊಳೆಸುವ ಮತ್ತೊಂದು ಶಿಲೀಂಧ್ರ ಸಮುದಾಯವಿದೆ. 2015ರ ಪಟ್ಟಿಯಲ್ಲಿ ಜಗತ್ತಿನ ಸಮುದ್ರ ಶಿಲೀಂಧ್ರಗಳ ಸಂಖ್ಯೆ 1,112. ಸಿಹಿನೀರಿನಲ್ಲಿ ಗುರುತಿಸಿದವು 2007ರ ವೇಳೆಗೇ ಸುಮಾರು 3,000.

ಕೆರೆ ಅಭಿವೃದ್ಧಿಯ ಅಂದಾಜುಪಟ್ಟಿಗಳು ಹೂಳು, ಏರಿ, ತೂಬು, ಕೋಡಿಗಳನ್ನು ಲೆಕ್ಕಕ್ಕೆ ಹಿಡಿಯುತ್ತವೆ. ದಂಡೆಯ ಮರ ಅಡ್ಡಿಯೆನಿಸಿ ಉರುಳುತ್ತದೆ. ಹೊಳೆಮತ್ತಿ, ನೇರಳೆ, ಹೊಂಗೆ, ಅತ್ತಿಗಳ ಎಲೆಯೇ ಈ ಜೀವಿಗಳ ಊಟ. ಅವುಗಳ ಬದಲು ನೀಲಗಿರಿ ನೆಟ್ಟರೆ ಸಾಲದೇ ಎಂಬ ಪ್ರಶ್ನೆಗೆ ಪೋರ್ಚುಗಲ್‌ನ ಹೊಳೆಗಳ ಅಧ್ಯಯನವೊಂದು 2002ರಲ್ಲಿ ಉತ್ತರಿಸಿದೆ: ನೀಲಗಿರಿಯ ದಂಡೆಯಲ್ಲಿ ಶಿಲೀಂಧ್ರ ವೈವಿಧ್ಯ ಕುಗ್ಗಿತ್ತು, ಎಲೆ ಕೊಳೆಯುವ ವೇಗ ಕುಗ್ಗಿರಲಿಲ್ಲ. ಹಾಗಾದರೆ ನಷ್ಟವೇನು ಎನ್ನುವವರಿದ್ದಾರೆ. ಹತ್ತು ಆಳು ಮಾಡುತ್ತಿದ್ದ ಕೆಲಸವನ್ನು ಮೂವರು ಮಾಡುತ್ತಿರುವಾಗ, ಆ ಮೂವರಲ್ಲೊಬ್ಬ ಹಾಸಿಗೆ ಹಿಡಿದರೆ ಏನಾಗುವುದೆಂದು ಗದ್ದೆ ಮಾಡಿದವರಿಗೆ ಹೇಳಬೇಕಿಲ್ಲ.

ಬೋರ್ಡೋ ದ್ರಾವಣದ ಮಾತೂ ಇಲ್ಲೇ ಬರಬೇಕು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗಕ್ಕೆ ಅದನ್ನು ರೂಢಿಗೆ ತಂದು ಶತಮಾನ ದಾಟಿದೆ. ಬಿಡಿರೆಂದು ತೋಟಿಗರಿಗೆ ಹೇಳುವುದು ಅವಿವೇಕ. ಆದರೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ ಬೆರೆಸಿದ ಡ್ರಮ್ಮನ್ನು ಹಳ್ಳದಲ್ಲೇ ತೊಳೆದರೆ, ತೋಟದಲ್ಲಿ ರೋಗಾಣುವನ್ನು ಕೊಂದ ತಾಮ್ರ ಹಳ್ಳದಲ್ಲಿ ಈ ನಾಲ್ಕು ಕೈಗಳ ಜೀವಿಯನ್ನೂ ಬಿಡುವುದಿಲ್ಲ. ಮಿಶ್ರಣದ ಜಾಗ ಹಳ್ಳದಿಂದ ದೂರವಿರಲಿ, ತೊಳೆದ ನೀರು ತೋಟದ ಮಣ್ಣಿಗೇ ಇಂಗಲಿ. ಬೇಸಗೆಯಲ್ಲಿ ಜೆಸಿಬಿ ಕೆರೆಗೆ ಇಳಿಯುವ ಮೊದಲೇ ಉಳಿಸಬೇಕಾದ ದಂಡೆಮರಗಳಿಗೆ ಗುರುತು ಹಾಕಿಸುವುದು ಗ್ರಾಮಸಭೆಯ ಠರಾವಿನಲ್ಲಿ ಸೇರಲಿ. ಅದಕ್ಕೆ ಬೇಕಾಗುವುದು ಒಂದು ಡಬ್ಬಿ ಬಣ್ಣ.