ಹಳಿಯಡಿಯ ಸವೆತಕ್ಕೆ ಸಾಕ್ಷಿ ಯಾರು?

ಚಿಕ್ಕಜಾಜೂರು ಜಂಕ್ಷನ್‌ನಲ್ಲಿ ರೈಲಿಗಾಗಿ ಕಾಯುವಾಗಲೆಲ್ಲ ನನ್ನ ಕಣ್ಣು ಹಳಿಗಳ ಕೆಳಗಿನ ಕಾಂಕ್ರೀಟ್ ಸ್ಲೀಪರುಗಳ ಮೇಲೆ ನಿಲ್ಲುತ್ತದೆ. ಬೆಂಗಳೂರು–ಹುಬ್ಬಳ್ಳಿ ಮುಖ್ಯಮಾರ್ಗ ಹೊಸದುರ್ಗ ರೋಡ್ ದಾಟಿ ಹೊಳಲ್ಕೆರೆ ತಾಲ್ಲೂಕಿನ ಈ ನಿಲ್ದಾಣಕ್ಕೆ ಬರುತ್ತದೆ. ಹೊಳಲ್ಕೆರೆ, ಚಿತ್ರದುರ್ಗ, ರಾಯದುರ್ಗಗಳ ಮೂಲಕ ಬಳ್ಳಾರಿಗೆ ಹೋಗುವ ಹಾದಿ ಕವಲೊಡೆಯುವುದೂ ಇಲ್ಲಿಯೇ. ಜನರಿಗಿಂತ ಸರಕಿನ ಭಾರವನ್ನೇ ಹೆಚ್ಚಾಗಿ ಹೊರುವ ಹಾದಿಯದು.

ಕಾಲು ಟನ್ನಿಗೂ ಮಿಕ್ಕಿ ತೂಗುವ, ಬಿಗಿದ ಉಕ್ಕಿನ ತಂತಿಗಳ ಸುತ್ತ ಎರಕ ಹೊಯ್ದ ಈ ಸ್ಲೀಪರು ಐವತ್ತು ವರ್ಷ ಬಾಳಬೇಕೆಂಬುದು ಲೆಕ್ಕಾಚಾರ. ಮರದ ಸ್ಲೀಪರಿನಂತೆ ಇದಕ್ಕೆ ಗೆದ್ದಲಿನ ಭಯವಿಲ್ಲ, ಕಾಡೂ ಉಳಿಯಿತು. ಆದರೆ ಮರ ಕೊಳೆತರೆ ಕಣ್ಣಿಗೆ ಕಾಣುತ್ತದೆ, ಕಾಂಕ್ರೀಟಿನ ಸವೆತ ಹಳಿಯ ಅಡಿಯಲ್ಲಿಯೇ ಅಡಗಿರುತ್ತದೆ. ಹಳಿಗೂ ಸ್ಲೀಪರಿಗೂ ನಡುವೆ ರಬ್ಬರಿನ ತೆಳುಹಾಸು ಇರುತ್ತದೆ. ಅದು ಚಪ್ಪಟೆಯಾದೊಡನೆ ಧೂಳು ಮತ್ತು ನೀರು ಒಳಸೇರುತ್ತವೆ. ಗಾಲಿಗಳ ಒತ್ತಡದಲ್ಲಿ ಅವೇ ಅರೆಯುವ ಕಲ್ಲಾಗುತ್ತವೆ. ಕಾಂಕ್ರೀಟು ತೇದು ಹೋದಂತೆ ಹಳಿ ಹೊರಕ್ಕೆ ವಾಲುತ್ತದೆ, ಹಳಿಗಳ ನಡುವಿನ ಅಂತರ ಹಿಗ್ಗುತ್ತದೆ. ತಿರುವುಗಳಲ್ಲಿ ಈ ಅಪಾಯ ಹೆಚ್ಚು. ಬರದ ಸೀಮೆಯವರಾದ ನಮಗೆ ನೀರಿನ ಚಿಂತೆ ಕಡಿಮೆ ಎನ್ನಬಹುದು, ಧೂಳಿಗಂತೂ ಬರವಿಲ್ಲ.

ಜಲ್ಲಿಯ ಕಥೆಯೂ ಇದರೊಡನೆ ಹೆಣೆದುಕೊಂಡಿದೆ. ವ್ಯಾಗನ್ನಿನಿಂದ ಸೋರಿದ ಅದಿರಿನ ಪುಡಿ ಜಲ್ಲಿಯ ಸಂದುಗಳನ್ನು ತುಂಬಿದರೆ ನೀರು ಬಸಿಯುವುದಿಲ್ಲ. ಹಳಿಗಳ ಕೆಳಗೆ ಜಲ್ಲಿ ಕುಸಿದಾಗ ಸ್ಲೀಪರು ನಡುಭಾಗದ ಮೇಲೆ ಕೂರುತ್ತದೆ, ಬೆನ್ನಿನಲ್ಲಿ ಬಿರುಕು ಬಿಡುತ್ತದೆ. ರೈಲ್ವೆ 2005ರಿಂದ ಆಯ್ದ ಮಾರ್ಗಗಳಲ್ಲಿ ಅಚ್ಚಿನ ಭಾರದ ಮಿತಿಯನ್ನು 20.32 ಟನ್ನಿನಿಂದ 22.82 ಟನ್ನಿಗೆ ಏರಿಸಿತು. ಹೆಚ್ಚಿದ ಆದಾಯವನ್ನು ದೇಶ ಮೆಚ್ಚಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿಯೂ, ಅನಂತರ ಚಿತ್ರದುರ್ಗ ಮತ್ತು ತುಮಕೂರುಗಳಲ್ಲಿಯೂ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ಕೆಡಿಸಿದ ರಸ್ತೆಗಳ ಲೆಕ್ಕ ಎಲ್ಲರ ಬಾಯಲ್ಲಿತ್ತು. ಹಳಿಯಡಿಯ ಸ್ಲೀಪರಿನ ಲೆಕ್ಕವನ್ನು ನಮ್ಮಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಈ ಮಾರ್ಗ ಅಪಾಯದಲ್ಲಿದೆ ಎಂದು ಹುಯಿಲೆಬ್ಬಿಸುವುದು ನನ್ನ ಉದ್ದೇಶವಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೋಮ್ ವ್ಯಾಲಿ ಬಳಿ 2005ರ ಏಪ್ರಿಲ್‌ನಲ್ಲಿ ಪ್ರಯಾಣಿಕರ ರೈಲೊಂದು ಹಳಿ ತಪ್ಪಿದ ಪ್ರಕರಣ ಮಾತ್ರ ನೆನಪಿಗೆ ಬರುತ್ತದೆ. ಅಲ್ಲಿ ಕಾಂಕ್ರೀಟ್ ಸ್ಲೀಪರುಗಳು ಅತಿಯಾಗಿ ಸವೆದು ಹಳಿಗಳ ಅಂತರ ಹಿಗ್ಗಿತ್ತು. ಆ ಜಾಗದಲ್ಲಿ ಗಾಡಿ ಕುಲುಕುತ್ತಿದೆಯೆಂದು ಮೊದಲೇ ಹಲವು ಬಾರಿ ವರದಿಯಾಗಿತ್ತು. ದೂರುಗಳಿಗೆ ತಕ್ಕಂತೆ ಸ್ಪಂದಿಸದಿದ್ದುದೇ ಕಾರಣವೆಂದು ತನಿಖೆ ಹೇಳಿತು. ಅಲ್ಲಿ ಸೋತದ್ದು ಕಾಂಕ್ರೀಟಿಗಿಂತ ಕಡತ.

ನಮ್ಮಲ್ಲಿ ಆ ಕುಲುಕನ್ನು ಮೊದಲು ಅರಿಯುವವರು ಚಾಲಕರು. ಸಡಿಲವಾದ ಕ್ಲಿಪ್ಪನ್ನು ಮೊದಲು ಕಾಣುವವನು ಸುತ್ತಿಗೆ ಹೊತ್ತು ನಡೆಯುವ ಕೀಮನ್. ತಪಾಸಣೆಗೆ ಯಂತ್ರಗಳು ಬಂದಿವೆ, ಬರಲಿ. ಆದರೆ ರಬ್ಬರಿನ ಹಾಸನ್ನು ಎತ್ತಿ ನೋಡದೆ ಅದರಡಿಯ ಸವೆತ ತಿಳಿಯದು. ಅದಕ್ಕೆ ಆಳು ಬೇಕು, ಗಾಡಿಗಳ ನಡುವೆ ಬಿಡುವೂ ಬೇಕು. ಸರಕಿನ ಗುರಿ ಏರಿದಾಗಲೆಲ್ಲ ಮೊದಲು ಕತ್ತರಿ ಬೀಳುವುದು ಆ ಬಿಡುವಿಗೇ.

ತುಮಕೂರಿನಿಂದ ಹಿರಿಯೂರು, ಚಿತ್ರದುರ್ಗಗಳ ಮೂಲಕ ದಾವಣಗೆರೆಗೆ ಹೊಸ ಮಾರ್ಗ ಮಂಜೂರಾದದ್ದು 2011–12ರಲ್ಲಿ. ರೈಲನ್ನೇ ಕಾಣದ ಹಿರಿಯೂರಿನವರು ಅದು ಎಂದು ಬರುತ್ತದೆಂದು ಕೇಳುತ್ತಲೇ ಬಂದಿದ್ದಾರೆ. ಅಲ್ಲಿಯ ಸ್ಲೀಪರುಗಳನ್ನು ಯಾವ ಭಾರಕ್ಕೆಂದು ಹಾಸಲಾಗುತ್ತದೆ, ಎಷ್ಟು ವರ್ಷಕ್ಕೊಮ್ಮೆ ರಬ್ಬರು ಬದಲಾಗುತ್ತದೆ, ಕೀಮನ್ನನ ದೂರು ಎಷ್ಟು ದಿನದಲ್ಲಿ ಇತ್ಯರ್ಥವಾಗುತ್ತದೆ ಎಂಬುದನ್ನೂ ಅವರು ಈಗಲೇ ಕೇಳಬಹುದು.